ಚಲುವಯ್ಯನ ಎರಡನೇ ಕಿಡಿ

ಮರ್ಫಿ ಟೌನಿನಲ್ಲಿ ಇಂಜಿನು ರಿಪೇರಿ ಮಾಡುವವರು ಹತ್ತಾರು ಮಂದಿ ಇದ್ದಾರೆ. ಇಂಜಿನನ್ನು ಇನ್ನೆಂದೂ ಓಡದ ಹಾಗೆ ಮಾಡಿ ಕೀರ್ತಿ ಗಳಿಸಿದವನು ಚಲುವಯ್ಯ ಒಬ್ಬನೇ. ಕೀರ್ತಿ ಎನ್ನುವುದೂ ಕೊಂಚ ಅವಸರದ ಮಾತೇ. ಓಡದ ಹಾಗೆ ಮಾಡಿದ್ದು ಚಲುವಯ್ಯ. ಕೀರ್ತಿ ಮಾತ್ರ ಇಪ್ಪತ್ತೊಂಬತ್ತು ವರ್ಷ ಶಿವಾಜಿನಗರದ ಖಾದರನ ಪಾಲಾಗಿತ್ತು.

ಕೆಲಸ ಹೀಗೆ. ಗುಜರಿಗೆ ಬಿದ್ದ ಬೈಕಿನ ಇಂಜಿನೊಂದನ್ನು ತಂದು, ಡೀಸೆಲ್ಲಿನಲ್ಲಿ ಮೂರು ದಿನ ನೆನೆಸಿ, ತೊಳೆದು, ಗರಗಸದಿಂದಲೂ ಗ್ರೈಂಡರಿನಿಂದಲೂ ಅದರ ಒಂದು ಮಗ್ಗುಲನ್ನು ಕೊಯ್ದು ತೆಗೆಯಬೇಕು. ಒಳಗಿನ ಪಿಸ್ಟನ್ನು, ವಾಲ್ವು, ಚೈನು, ಗೇರು ಎಲ್ಲವೂ ಬೇಕರಿಯ ಗಾಜಿನ ಬೀರುವಿನೊಳಗಿನ ತಿಂಡಿಯ ಹಾಗೆ ಕಣ್ಣಿಗೆ ಕಾಣಬೇಕು. ಕೊಯ್ದ ಅಂಚಿಗೆ ಕೆಂಪು ಬಣ್ಣ, ಗಾಳಿ ಪೆಟ್ರೋಲು ಒಳಬರುವ ದಾರಿಗೆ ನೀಲಿ, ಹೊಗೆ ಹೊರಹೋಗುವ ದಾರಿಗೆ ಕಪ್ಪು. ಪಕ್ಕದಲ್ಲೊಂದು ಹಿಡಿಕೆ. ಅದನ್ನು ತಿರುಗಿಸಿದರೆ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ, ವಾಲ್ವುಗಳು ಸರದಿಯಂತೆ ಬಾಯಿ ತೆರೆದು ಮುಚ್ಚುತ್ತವೆ. ಇದಕ್ಕೆ ಕಟ್ ಮಾಡೆಲ್ ಎಂದು ಹೆಸರು. ಪಾಲಿಟೆಕ್ನಿಕ್ಕಿನ ಲ್ಯಾಬುಗಳಲ್ಲಿ ಮೇಜಿನ ಮೇಲೆ ಕೂತು, ಇಂಜಿನಿಯರಾಗಲು ಹೊರಟವರಿಗೆ ಹೊಟ್ಟೆ ತೋರಿಸುವುದು ಅದರ ಜೀವನ. ಅಂಥವು ಮುನ್ನೂರ ಹನ್ನೆರಡು ಚಲುವಯ್ಯನ ಕೈಯಿಂದ ಹುಟ್ಟಿದ್ದವು.

ಈ ವಿದ್ಯೆ ಅವನಿಗೆ ಒಲಿದದ್ದು ಸಿಟ್ಟಿನಿಂದ. ಹದಿನಾಲ್ಕನೇ ವಯಸ್ಸಿಗೆ ಅವನು ಶಿವಾಜಿನಗರದ ಮುತ್ತಣ್ಣನ ಗ್ಯಾರೇಜು ಸೇರಿದ್ದ. ಅದು ಸ್ಕೂಟರುಗಳ ಕಾಲ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸಬೇಕಾದ ಟೂ ಸ್ಟ್ರೋಕ್ ಇಂಜಿನುಗಳು. ಒಬ್ಬ ಗಿರಾಕಿ ಆಯಿಲ್ ಹಾಕದೆ ಓಡಿಸಿ ಪಿಸ್ಟನ್ ಜಾಮ್ ಮಾಡಿಕೊಂಡು ಬಂದು, ತಪ್ಪು ಗ್ಯಾರೇಜಿನವರದೇ ಎಂದು ಮೂರು ದಿನ ಜಗಳ ಕಾದ. ನಾಲ್ಕನೆಯ ದಿನ, ಆಗ ಇಪ್ಪತ್ತೇಳು ವರ್ಷದವನಾಗಿದ್ದ ಚಲುವಯ್ಯ ಆ ಸಿಲಿಂಡರನ್ನು ವೈಸಿನ ಇಕ್ಕಳಕ್ಕೆ ಕಚ್ಚಿಸಿ, ಗರಗಸ ಹಾಕಿ ಉದ್ದಕ್ಕೆ ಸೀಳಿದ. ಒಳಗೋಡೆಯ ಮೇಲೆ ಪಿಸ್ಟನ್ನು ಪರಚಿಕೊಂಡು ಹೋದ ಗೆರೆಗಳು ಊರಿಗೆಲ್ಲ ಕಾಣುವ ಹಾಗಿದ್ದವು. ಗಿರಾಕಿ ಬಾಯಿ ಮುಚ್ಚಿದ. ತನ್ನ ಸ್ಕೂಟರಿನ ಬ್ರೇಕು ಸರಿಮಾಡಿಸಲು ಬಂದು ಬೆಂಚಿನ ಮೇಲೆ ಕೂತಿದ್ದ ಖಾದರ್ ಬಾಯಿ ತೆರೆದ.

"ಅಣ್ಣಾ, ಇದೇ ಥರ ಒಂದು ಪೂರಾ ಇಂಜಿನ್ ಸೀಳಿ ಕೊಡ್ತೀಯಾ? ಕಾಲೇಜ್ ಮೇಷ್ಟ್ರುಗಳು ಎತ್ಕೊಂಡು ಮುದ್ದಾಡ್ತಾರೆ."

ಖಾದರನದು ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಲ್ಯಾಬ್ ಸಾಮಾನಿನ ಅಂಗಡಿ. ಗಾಜಿನ ಕೊಳವೆ, ತಕ್ಕಡಿ, ಬಾಗಿಲ ಬಳಿ ಗಿರಾಕಿಗಳನ್ನು ಸ್ವಾಗತಿಸುವ ಪ್ಲಾಸ್ಟಿಕ್ಕಿನ ಅಸ್ಥಿಪಂಜರ. ಬೋರ್ಡಿನ ಮೇಲೆ 'ಖಾದರ್ ಅಂಡ್ ಬ್ರದರ್ಸ್'. ಅಂದಿನಿಂದ ಚಲುವಯ್ಯ ಮರ್ಫಿ ಟೌನಿನ ಮನೆಗಂಟಿದ ಶೀಟಿನ ಶೆಡ್ಡಿನಲ್ಲಿ ಬಾಬಾಸಾಹೇಬರ ಫೋಟೊದ ಕೆಳಗೆ ಕೂತು ಇಂಜಿನು ಕೊಯ್ಯುವುದು, ಖಾದರ್ ಅದಕ್ಕೆ ತನ್ನ ಅಂಗಡಿಯ ಹಿತ್ತಾಳೆ ಪ್ಲೇಟು ಹೊಡೆದು ಕಾಲೇಜಿಗೆ ಸಾಗಿಸುವುದು ಎಂದು ಕೆಲಸ ಹಂಚಿಕೆಯಾಯಿತು. ಅಕ್ಕಪಕ್ಕದವರು ಗ್ರೈಂಡರಿನ ಸದ್ದಿಗೆ ಮೊದಲೈದು ವರ್ಷ ಬೈದರು, ಆಮೇಲೆ ಸದ್ದಿಲ್ಲದ ದಿನ ಬಂದು ಮೈಗೆ ಹುಷಾರಿಲ್ಲವಾ ಎಂದು ವಿಚಾರಿಸತೊಡಗಿದರು.

ಮದುವೆಯಾದ ಹೊಸದರಲ್ಲಿ ಹೆಂಡತಿ ಮುನಿಲಕ್ಷ್ಮಮ್ಮ ಒಂದು ಪ್ರಶ್ನೆ ಕೇಳಿದ್ದಳು. ಇಷ್ಟೊಂದು ಕೊಯ್ಯುತ್ತೀರಲ್ಲ, ಅದರೊಳಗೆ ನಡೆಯುವುದಾದರೂ ಏನು ಎಂದು. ಬೇರೆ ಗಂಡನಾಗಿದ್ದರೆ ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗುವ ವಯಸ್ಸು. ಚಲುವಯ್ಯ ಅವಳನ್ನು ಶಿವಾಜಿನಗರ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಒಂದು ಕಟ್ಟೆಯ ಮೇಲೆ ಕೂರಿಸಿದ.

"ಆ ಬಸ್ ನೋಡು. ಈಗ ಬಾಗ್ಲು ತೆರೀತು, ಜನ ಒಳಗೆ ನುಗ್ತವ್ರೆ. ಪಿಸ್ಟನ್ನು ಕೆಳಗಿಳಿದು ಗಾಳಿ ಪೆಟ್ರೋಲು ಎಳ್ಕೊಳ್ಳೋದು ಹಿಂಗೇ. ಅದು ಮೊದಲ್ನೇ ಸ್ಟ್ರೋಕು. ಈಗ ಬಾಗ್ಲು ಮುಚ್ಚಾಯ್ತು. ಕಂಡಕ್ಟರ್ರು ಒಳಗೋಗಿ ಒಳಗೋಗಿ ಅಂತ ಹಿಂದಿಂದ ಒತ್ತವ್ನೆ. ಪಿಸ್ಟನ್ನು ಮೇಲೆ ಬಂದು ಒತ್ತೋದು, ಎರಡ್ನೇದು. ಉಸ್ರಾಡಕ್ಕೂ ಜಾಗ ಇಲ್ಲ. ಅಷ್ಟೊತ್ಗೆ ಒಬ್ಬ ಇನ್ನೊಬ್ಬನ ಕಾಲು ತುಳೀತಾನೆ. ಅದೇ ಕಿಡಿ. ಜಗಳ ಹತ್ಕೊಂಡು ಡಮಾರ್ ಅಂತು. ಆ ಏಟಿಗೆ ಪಿಸ್ಟನ್ನು ಕೆಳಕ್ಕೆ ಓಡ್ತದೆ. ಗಾಡಿ ಮುಂದಕ್ಕೆ ಹೋಗೋದು ಈ ಮೂರನೇ ಸ್ಟ್ರೋಕಿಂದ."

"ನಾಲ್ಕನೇದು?"

"ಹಿಂದ್ಗಡೆ ಬಾಗ್ಲು ತೆಗೆದು ಎಲ್ರನ್ನೂ ಹೊರಗೆ ದಬ್ಬೋದು. ಹೊಗೆ."

ಮುನಿಲಕ್ಷ್ಮಮ್ಮ ಬೆರಳು ಮಡಿಸಿ ಎಣಿಸಿದಳು. "ಅಂದ್ರೆ ನಾಲ್ಕ್ರಲ್ಲಿ ದುಡಿಯೋದು ಒಂದೇ. ಮಿಕ್ಕ ಮೂರು ಸುಮ್ನೆ ಓಡಾಡ್ತವೆ."

"ಹೂಂ. ಫ್ಲೈವೀಲು ಅಂತ ಭಾರದ ಚಕ್ರ ಇರ್ತದೆ, ಅದ್ರ ದಮ್ಮಲ್ಲಿ."

"ನಿಮ್ಮನೇಲಿ ಅಣ್ಣತಮ್ಮಂದ್ರು ನಾಲ್ಕು ಜನ ಇದ್ದೀರಲ್ಲ, ಹಂಗೆ."

ದುಡಿಯುವ ಆ ಒಬ್ಬ ಯಾರೆಂದು ಅವಳು ಬಿಡಿಸಿ ಹೇಳಲಿಲ್ಲ. ಚಲುವಯ್ಯ ಧೈರ್ಯ ಮಾಡಿ ಕೇಳಲೂ ಇಲ್ಲ.

ಹೀಗೆ ಸಾಗುತ್ತಿದ್ದ ಜೀವನಕ್ಕೆ ಹುಳ ಬಿಟ್ಟವಳು ಮಗಳು ಯಮುನಾ. ಅವಳು ಡಿಪ್ಲೊಮಾ ಓದುವಾಗ ಕಾಲೇಜಿನ ಲ್ಯಾಬಿನಲ್ಲಿ ಅಪ್ಪನ ಕೈಯ ಇಂಜಿನೊಂದನ್ನು ಕಂಡು, ಇದನ್ನು ನಮ್ಮಪ್ಪ ಮಾಡಿದ್ದು ಎಂದು ಪಕ್ಕದವಳಿಗೆ ಹೆಮ್ಮೆಯಿಂದ ಹೇಳಿದಳು. ಪಕ್ಕದವಳು ಬಗ್ಗಿ ಪ್ಲೇಟು ಓದಿ, "ನಿಮ್ಮಪ್ಪನ ಹೆಸರು ಖಾದರಾ?" ಎಂದಳು. ಯಮುನಾ ಇದನ್ನು ತಮಾಷೆಯೆಂದು ಮನೆಯಲ್ಲಿ ಹೇಳಿದಳು. ಮುನಿಲಕ್ಷ್ಮಮ್ಮ ನಕ್ಕಳು. ಚಲುವಯ್ಯನೂ ನಕ್ಕ. ಆದರೆ ಯಮುನಾ ಓದು ಮುಗಿಸಿ, ಕೆಲಸ ಹಿಡಿದು, ಮದುವೆಯಾಗಿ ಹೋದಮೇಲೂ ಆ ಮಾತು ಶೆಡ್ಡು ಬಿಟ್ಟು ಹೋಗಲಿಲ್ಲ. ಮುನ್ನೂರ ಹನ್ನೆರಡು ಇಂಜಿನುಗಳು, ಒಂದರ ಮೇಲೂ ಹೆಸರಿಲ್ಲ. ಗುಜರಿಯವರ ಕೈಬಂಡಿಯ ಮೇಲಾದರೂ ಮಾಲೀಕನ ಹೆಸರು ಇರುತ್ತದೆ.

ಮುನ್ನೂರ ಹದಿಮೂರನೆಯದಕ್ಕೆ ಆರ್ಡರು ಬಂದಾಗ ಅವನಿಗೆ ಐವತ್ತಾರು ವರ್ಷ. ಅವನು ಖಾದರನ ಅಂಗಡಿಗೆ ಹೋಗಿ, ಅಸ್ಥಿಪಂಜರದ ಪಕ್ಕದ ಸ್ಟೂಲಿನ ಮೇಲೆ ಕೂತು, ಚಹಾ ಬರುವ ಮೊದಲೇ ಯುದ್ಧ ಘೋಷಿಸಿದ.

"ಖಾದರ್ ಭಾಯ್, ಈ ಸಲ ಪ್ಲೇಟ್ ಮೇಲೆ ನನ್ ಹೆಸ್ರು ಹಾಕ್ಬೇಕು."

"ಹೆಸ್ರು ಆಗ್ಲೇ ಇದ್ಯಲ್ಲ."

"ಅದು ನಿಮ್ದು."

"ಪೂರಾ ಓದಣ್ಣ. ಖಾದರ್ ಅಂಡ್ ಬ್ರದರ್ಸ್. ನಂಗೆ ಬ್ರದರ್ ಎಲ್ಲವ್ರೆ? ನಾಲ್ಕೂ ಅಕ್ಕಂದ್ರು. ಆ ಬ್ರದರ್ಸ್ ಅಂದ್ರೆ ನೀನೇ."

ಚಲುವಯ್ಯ ಈ ಬಾಣವನ್ನು ನಿರೀಕ್ಷಿಸಿರಲಿಲ್ಲ. ಅಷ್ಟರಲ್ಲಿ ಬಂದ ಚಹಾವನ್ನು ಒಂದು ಗುಟುಕು ಕುಡಿದು ಸುಧಾರಿಸಿಕೊಂಡ. "ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದಿನಾನೂ ಹೇಳ್ಲಿಲ್ಲ ನೀವು."

"ನೀನು ಕೇಳ್ಲಿಲ್ಲ."

"ಈಗ ಕೇಳ್ತಾ ಇದೀನಿ. ಬ್ರದರ್ಸ್ ಆಗಿದ್ದು ಸಾಕು ನಂಗೆ. ಚಲುವಯ್ಯ ಅಂತ ಹಾಕ್ಸಿ. ಫೋನ್ ನಂಬರ್ ಸಮೇತ."

ಫೋನ್ ನಂಬರ್ ಎಂದಾಗ ಖಾದರನ ಕೈಯಲ್ಲಿನ ಬಿಸ್ಕತ್ತು ಚಹಾದಲ್ಲಿ ಮುಳುಗಿಯೇ ಹೋಯಿತು. ನಂಬರ್ ಕೊಟ್ಟರೆ ಕಾಲೇಜಿನವರು ನೇರವಾಗಿ ಮರ್ಫಿ ಟೌನಿಗೆ ಹೋಗುತ್ತಾರೆ ಎಂಬುದು ಅವನ ಭಯ. ಇಲ್ಲ ಎಂದರೆ ಗರಗಸ ನಿಲ್ಲುತ್ತದೆ ಎಂಬುದು ಇನ್ನೊಂದು ಭಯ. ಎರಡು ಭಯಗಳ ನಡುವೆ ಅವನೊಂದು ಸಂಧಾನ ಹುಡುಕಿದ.

"ಆಯ್ತು. ನನ್ನ ಪ್ಲೇಟ್ ಕೆಳಗೆ ನಿಂದೊಂದು ಚಿಕ್ಕದು. ಆದ್ರೆ ಒಂದು ಷರತ್ತು. ಮಾಲು ಹೋದ ದಿನವೇ ಕಾಲೇಜಿನವ್ರು ಒಪ್ಕೊಂಡು ಸೈನ್ ಹಾಕ್ಬೇಕು. ಅದು ಸರಿಯಿಲ್ಲ, ಇದು ಸರಿಯಿಲ್ಲ ಅಂತ ವಾಪಸ್ ಬಂತೋ, ಪ್ಲೇಟ್ ಬಿಚ್ಚು. ಮತ್ತೆ ಜಿಂದಗೀಲಿ ಈ ಮಾತು ಎತ್ತಬಾರ್ದು."

"ನನ್ ಮಾಲು ಯಾವತ್ತು ವಾಪಸ್ ಬಂದೈತೆ?" ಎಂದ ಚಲುವಯ್ಯ. ಅದು ನಿಜವಾಗಿತ್ತು. ಆದ್ದರಿಂದಲೇ ಕೈ ಕುಲುಕಿದ.

ಆರ್ಡರು ಕೆ.ಆರ್. ಪುರದ ಆಚೆಯ ಒಂದು ಪಾಲಿಟೆಕ್ನಿಕ್ಕಿನದು. ನೂರು ಸಿಸಿಯ ಫೋರ್ ಸ್ಟ್ರೋಕ್ ಬೈಕಿನ ಇಂಜಿನು ಬೇಕಿತ್ತು. ಹಿಂದೆಂದೂ ಇಲ್ಲದ ಒಂದು ಸಾಲು ಪತ್ರದಲ್ಲಿತ್ತು. ಸ್ಪಾರ್ಕ್ ಪ್ಲಗ್ಗಿನ ಜಾಗದಲ್ಲಿ ಬಲ್ಬೊಂದನ್ನು ಅಳವಡಿಸಿ, ಕಿಡಿ ಹಾರುವ ಕ್ಷಣವನ್ನು ತೋರಿಸಬೇಕು.

ಚಲುವಯ್ಯ ಆ ಇಂಜಿನಿಗೆ ಐದು ವಾರ ಕೊಟ್ಟ. ಕೊಯ್ದ ಅಂಚುಗಳನ್ನು ಅರದಿಂದ ಉಜ್ಜಿ ಉಜ್ಜಿ, ಕೆನ್ನೆಗೆ ಒತ್ತಿಕೊಂಡರೂ ಪರಚದಷ್ಟು ನಯ ಮಾಡಿದ. ವಾಲ್ವುಗಳನ್ನು ಕುಣಿಸುವ ಕ್ಯಾಮಿನ ಹಲ್ಲುಗಾಲಿ ಕೆಳಗೆ ಪಿಸ್ಟನ್ನಿನ ಶಾಫ್ಟಿನ ಮೇಲಿರುವುದಕ್ಕಿಂತ ಎರಡರಷ್ಟು ದೊಡ್ಡದು, ಕೆಳಗಿನದು ಎರಡು ಸುತ್ತು ಹೊಡೆದರೆ ಮೇಲಿನದು ಒಂದು ಸುತ್ತು. ಅದೂ ಕಾಣಲೆಂದು ಆ ಮಗ್ಗುಲಿಗೊಂದು ಕಿಟಕಿ ಕೊಯ್ದ. ಕೊನೆಗೆ ಬಲ್ಬಿನ ಸರದಿ. ಹಿಡಿಕೆಯ ಜೊತೆಗೇ ತಿರುಗುವ, ಕಿಡಿಗೆ ಕರೆಂಟು ಹುಟ್ಟಿಸುವ ಮ್ಯಾಗ್ನೆಟ್ಟು ಚಕ್ರದ ಮೈಮೇಲೆ ಒಂದು ಉಬ್ಬು ಇರುತ್ತದೆ. ಅದಕ್ಕೆ ತಾಗುವ ಹಾಗೆ ಒಂದು ಹಿತ್ತಾಳೆ ಪಟ್ಟಿ ಕೂರಿಸಿ, ಬ್ಯಾಟರಿಗೆ ವೈರು ಎಳೆದ. ಉಬ್ಬು ಪಟ್ಟಿಗೆ ತಾಗಿದಾಗ ಬಲ್ಬು ಮಿನುಗಿತು. ಪಟ್ಟಿ ಅಲ್ಲೇ ಏಕೆ ಎಂದು ಅವನು ಯೋಚಿಸಲಿಲ್ಲ. ಕೈ ಅಲ್ಲಿಗೆ ಹೋಯಿತು, ಕೂರಿಸಿತು.

ಹೊಸ ಪ್ಲೇಟು ಬಂದಾಗ ಮುನಿಲಕ್ಷ್ಮಮ್ಮ ಶಾಲೆಯ ಬಿಸಿಯೂಟದ ಅಡುಗೆ ಮುಗಿಸಿ ಆಗಷ್ಟೇ ಬಂದಿದ್ದಳು. 'ತಯಾರಕರು: ಚಲುವಯ್ಯ, ಮರ್ಫಿ ಟೌನ್', ಕೆಳಗೆ ನಂಬರು. ಅವಳು ಅದನ್ನು ಸೆರಗಿನಿಂದ ಒರೆಸಿ ನೋಡಿದಳು.

"ಚೆನ್ನಾಗೈತೆ. ನಮ್ಮನೆ ಕರೆಂಟ್ ಬಿಲ್ಲಿಗಿಂತ ದೊಡ್ಡಕ್ಷರ."

ದಂಡಯಾತ್ರೆ ಹೊರಟದ್ದು ಒಂದು ಬುಧವಾರ, ಬೆಳಿಗ್ಗೆ ಒಂಬತ್ತೂವರೆಗೆ. ರಥ ಒಂದು ಆಟೊ. ಮೂವತ್ತು ಕೆಜಿಯ ಇಂಜಿನು ಬೆಡ್‌ಶೀಟು ಹೊದ್ದುಕೊಂಡು ಸೀಟಿನ ಮಧ್ಯೆ ಕೂತಿತ್ತು. ಎಡಕ್ಕೆ ಚಲುವಯ್ಯ, ಬಲಕ್ಕೆ ಒಪ್ಪಿಗೆ ಪತ್ರದ ಫೈಲು ಹಿಡಿದ ಖಾದರ್. ಟಿನ್ ಫ್ಯಾಕ್ಟರಿ ಸಿಗ್ನಲ್ಲಿನ ಬಳಿ ಆಟೊ ಮುಕ್ಕಾಲು ಗಂಟೆ ನಿಂತಿತು. ಹತ್ತು ಸಾವಿರ ಇಂಜಿನುಗಳು ಸುತ್ತಲೂ ನಿಂತಲ್ಲೇ ನಾಲ್ಕು ನಾಲ್ಕು ಸ್ಟ್ರೋಕು ಹೊಡೆಯುತ್ತ, ಒಂದಡಿಯೂ ಮುಂದೆ ಹೋಗದೆ ಪರಾಕ್ರಮ ಮೆರೆಯುತ್ತಿದ್ದವು.

ಪಾಲಿಟೆಕ್ನಿಕ್ಕಿನ ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥ ಚಂದ್ರಶೇಖರಯ್ಯ. ದಾವಣಗೆರೆ ಕಡೆಯವನು, ಇಪ್ಪತ್ತೆರಡು ವರ್ಷದ ಮೇಷ್ಟ್ರು, ಇಸ್ತ್ರಿ ಮಾಡಿದ ಅಂಗಿಯಷ್ಟೇ ಖಡಕ್ಕಾದ ಪಾಠ. ಮಾಡೆಲ್ ಬಂದದ್ದೇ ತಡ, ಮೂವತ್ತು ವಿದ್ಯಾರ್ಥಿಗಳನ್ನು ಮೇಜಿನ ಸುತ್ತ ನಿಲ್ಲಿಸಿ ತಾನೇ ಹಿಡಿಕೆ ಹಿಡಿದ. ಎರಡೂ ಪ್ಲೇಟು ಓದಿ, ಚಲುವಯ್ಯನ ಕಡೆ ನೋಡಿ ತಲೆಯಾಡಿಸಿದ. ಚಲುವಯ್ಯನ ಎದೆ ಅರ್ಧ ಇಂಚು ಮುಂದೆ ಬಂತು.

"ಸಕ್ಷನ್," ಎಂದ ಚಂದ್ರಶೇಖರಯ್ಯ. ಪಿಸ್ಟನ್ನು ಇಳಿಯಿತು. "ಕಂಪ್ರೆಷನ್." ಪಿಸ್ಟನ್ನು ಏರಿತು, ತುದಿ ತಲುಪುವಾಗ ಬಲ್ಬು ಮಿನುಗಿತು. "ನೋಡ್ರಿ, ಸ್ಪಾರ್ಕ್. ಈಗ ಪವರ್." ಇಳಿಯಿತು. "ಎಕ್ಸಾಸ್ಟ್." ಏರಿತು. ತುದಿಯಲ್ಲಿ ಬಲ್ಬು ಮತ್ತೆ ಮಿನುಗಿತು.

ಚಂದ್ರಶೇಖರಯ್ಯ ಕೈ ನಿಲ್ಲಿಸಿದ. ಹಿಂದಕ್ಕೆ ತಿರುಗಿಸಿದ. ಮುಂದಕ್ಕೆ ತಿರುಗಿಸಿದ. ಬಲ್ಬು ನಾಚಿಕೆಯಿಲ್ಲದೆ ಮಿನುಗಿತು.

"ಏನ್ರಿ ಇದು? ಹೊಗೆ ಹೊರಗೆ ಹೋಗೋವಾಗ ಸ್ಪಾರ್ಕ್ ಯಾಕೆ ಬರ್ತಿದೆ?"

"ಬರ್ತದೆ ಸಾರ್."

"ಬರ್ತದೆ ಅಂದ್ರೆ? ಬರಬಾರದು. ನಾಲ್ಕು ಸ್ಟ್ರೋಕಿಗೆ ಸ್ಪಾರ್ಕ್ ಒಂದೇ. ಪುಸ್ತಕದಲ್ಲಿ ಇದೆ, ಪರೀಕ್ಷೇಲಿ ಪ್ರತಿ ವರ್ಷ ಕೇಳ್ತಾರೆ. ನೀವು ಮೊದಲು ಏನು ರಿಪೇರಿ ಮಾಡ್ತಿದ್ರಿ?"

"ಸ್ಕೂಟರ್ ಸಾರ್."

"ಟೂ ಸ್ಟ್ರೋಕ್."

"ಹೌದು ಸಾರ್."

"ಹಂಗೆ ಹೇಳ್ರಿ ಮತ್ತೆ. ಅದರಲ್ಲಿ ಸುತ್ತಿಗೊಂದು ಸ್ಪಾರ್ಕ್. ನಿಮ್ಮ ಕೈಗೆ ಅದೇ ರೂಢಿ. ತಪ್ಪೇನಲ್ಲ ಬಿಡ್ರಿ, ಆಗ್ತದೆ. ತಗೊಂಡು ಹೋಗಿ ಸರಿ ಮಾಡ್ಕೊಂಡು ಬನ್ನಿ."

ಬೈದಿದ್ದರೆ ಚಲುವಯ್ಯನಿಗೆ ಇಷ್ಟು ನೋಯುತ್ತಿರಲಿಲ್ಲ. ಮೇಷ್ಟ್ರು ಕನಿಕರ ತೋರಿಸಿದ್ದ. ಅದಕ್ಕಿಂತ ಕೆಟ್ಟದ್ದೆಂದರೆ, ಮೇಷ್ಟ್ರು ಹೇಳಿದ್ದು ನಿಜವಿರಬಹುದು ಎಂದು ಅವನಿಗೇ ಅನ್ನಿಸಿತು. ಹದಿಮೂರು ವರ್ಷ ಸ್ಕೂಟರು ಬಿಚ್ಚಿದ ಕೈ ತಾನೇತಾನಾಗಿ ಪಟ್ಟಿಯನ್ನು ಮ್ಯಾಗ್ನೆಟ್ಟಿಗೆ ಕೂರಿಸಿತ್ತು. ಪಕ್ಕದಲ್ಲಿ ಖಾದರ್ ಫೈಲು ಮುಚ್ಚಿ ಎದ್ದು ನಿಂತಿದ್ದ.

"ಒಂದು ವೈರ್ ಅಷ್ಟೆ ಸಾರ್, ನಾಳೆ ರೆಡಿ ಮಾಡಿ ತರ್ತೀವಿ," ಎಂದು ಹೇಳುತ್ತಲೇ ಅವನ ಕಣ್ಣು ಕೆಳಗಿನ ಚಿಕ್ಕ ಪ್ಲೇಟಿನ ಎರಡು ಸ್ಕ್ರೂಗಳ ಮೇಲೆ ಹೋಯಿತು. ಪಾಪ, ಕೆಟ್ಟ ಮನಸ್ಸಿನಿಂದೇನಲ್ಲ. ಷರತ್ತು ಷರತ್ತೇ.

ಚಲುವಯ್ಯ ಇಂಜಿನನ್ನು ನೋಡಿದ. ನಿಜವಾದ ಬೈಕಿನಲ್ಲಿ ಕಿಡಿಗೆ ಹುಕುಂ ಕೊಡುವುದು ಎಲ್ಲಿಂದ? ಮ್ಯಾಗ್ನೆಟ್ಟಿನ ಪಕ್ಕದ, ತಂತಿ ಸುತ್ತಿದ ಪುಟ್ಟ ಕಾಯಿಲಿನಿಂದ. ಮ್ಯಾಗ್ನೆಟ್ಟು ಸುತ್ತುವುದು? ಪಿಸ್ಟನ್ನಿನ ಶಾಫ್ಟಿನ ಜೊತೆಗೆ, ನಾಲ್ಕು ಸ್ಟ್ರೋಕಿಗೆ ಒಂದೇ ಸುತ್ತು ಹೊಡೆಯುವ ಮೇಲಿನ ಕ್ಯಾಮಿನ ಜೊತೆಗಲ್ಲ. ಹಾಗಾದರೆ ಅದಕ್ಕೆ ಇದು ಯಾವ ಸ್ಟ್ರೋಕು ಎಂದು ಗೊತ್ತಾಗುವುದಾದರೂ ಹೇಗೆ? ಗೊತ್ತಾಗಲು ಸಾಧ್ಯವೇ ಇಲ್ಲ. ಸುತ್ತಿಗೊಮ್ಮೆ ಹುಕುಂ ಕೊಟ್ಟೇ ಕೊಡುತ್ತದೆ. ಇಷ್ಟು ವರ್ಷ ಇಂಜಿನುಗಳ ಜೊತೆ ಬಾಳಿದವನು ಈ ಮಾತನ್ನು ಮೊದಲ ಸಲ ಯೋಚಿಸಿದ್ದು ಆ ಕ್ಷಣದಲ್ಲಿ, ಮೂವತ್ತು ವಿದ್ಯಾರ್ಥಿಗಳ ಎದುರು. ಯೋಚನೆ ಸರಿಯೋ ತಪ್ಪೋ ಅವನಿಗೆ ಖಾತ್ರಿಯಿರಲಿಲ್ಲ. ಬಾಯಿ ಮಾತ್ರ ಕಾಯಲಿಲ್ಲ.

"ಇಲ್ಲ ಸಾರ್. ಇದು ಹಿಂಗೇ ಇರೋದು."

"ಎಲ್ಲಿ ಹಿಂಗೇ ಇರೋದು?"

"ಬೈಕಲ್ಲಿ. ಒಂದು ಬೈಕು ಕೊಡ್ಸಿ ಸಾರ್, ತೋರಿಸ್ತೀನಿ."

ಖಾದರ್ ಅವನ ತೋಳು ಹಿಡಿದು ಕಿವಿಯಲ್ಲಿ, "ಬೇಡಣ್ಣ, ಜಗಳ ನಕ್ಕೋ, ಗಿರಾಕಿ ಅವ್ರು," ಎಂದ. ಗಿರಾಕಿಯ ಬಾಯಿ ಗರಗಸದಿಂದ ಮುಚ್ಚಿಸಿ ಈ ವೃತ್ತಿಗೆ ಇಳಿದವನಿಗೆ ಅದು ಕೇಳಿಸಲಿಲ್ಲ.

ಬೈಕು ಸಿಕ್ಕಿದ್ದು ಲ್ಯಾಬಿನ ಅಟೆಂಡರ್ ಜಟ್ಟೆಪ್ಪನದು. ವಿಜಯಪುರದ ಕಡೆಯ ಜಟ್ಟೆಪ್ಪ ತನ್ನ ಗಾಡಿಯನ್ನು ಲ್ಯಾಬಿನ ಬಾಗಿಲ ಮುಂದಿನ ಬಲಿಪೀಠದ ಕಡೆ ತಳ್ಳಿಕೊಂಡು ಬಂದ.

"ನಂದ ಗಾಡಿ ಯಾಕ್ರಿ ಸರ? ಅಷ್ಟ್ ಗಾಡಿ ನಿಂತಾವಲ್ರಿ ಹೊರಗ."

"ಮಾಡೆಲ್ ಇಂಜಿನ್ನೂ ನಿನ್ನ ಗಾಡಿ ಇಂಜಿನ್ನೂ ಒಂದೇ ಜಾತಿ ಜಟ್ಟೆಪ್ಪ, ಅದಕ್ಕೇ," ಎಂದ ಚಂದ್ರಶೇಖರಯ್ಯ.

"ಬಿಚ್ಚಿದ್ದು ತಿರಗಿ ಹಾಕ್ತಾರಿಲ್ರಿ? ಸಂಜಿಗೆ ಕಗ್ಗದಾಸಪುರಕ್ಕ ನಡಕೋತ ಹೋಗೂದು ಆಗಂಗಿಲ್ಲ ನನಗ."

ಚಲುವಯ್ಯ ಪೆಟ್ರೋಲು ನಲ್ಲಿ ಮುಚ್ಚಿದ. ಸ್ಪಾರ್ಕ್ ಪ್ಲಗ್ಗು ಬಿಚ್ಚಿ, ಅದರ ಟೋಪಿಗೇ ಸಿಕ್ಕಿಸಿ, ತೂತಿನಿಂದ ದೂರಕ್ಕೆ ಇಂಜಿನಿನ ಮೈಗೆ ಒರಗಿಸಿದ. ಅದನ್ನು ಹಿಡಿದುಕೊಳ್ಳಲು ಜಟ್ಟೆಪ್ಪನಿಗೇ ಹೇಳಿದ. ಪ್ಲಗ್ಗು ಇದ್ದ ತೂತಿನ ಮೇಲೆ ಹೆಬ್ಬೆರಳು ಒತ್ತಬೇಕಿತ್ತು.

"ಯಾರಿಡ್ತೀರ? ಪಿಸ್ಟನ್ನು ಕಂಪ್ರೆಷನ್‌ಗೆ ಬಂದಾಗ ಒಳಗಿನ ಗಾಳಿ ಬೆರಳನ್ನ ಎಗರಿಸ್ತದೆ. ಎಕ್ಸಾಸ್ಟ್‌ಗೆ ಬಂದಾಗ ಗಾಳಿ ಸೈಲೆನ್ಸರ್ ಕಡೆ ಹೋಗ್ತದೆ, ಬೆರಳು ಸುಮ್ನಿರ್ತದೆ. ಬೆರಳು ಎಗರಿದಾಗ ಮಾತ್ರ ಕಿಡಿ ಬಂದ್ರೆ ಸಾರ್ ಹೇಳಿದ್ದು ಸರಿ. ಸುಮ್ನಿರೋವಾಗ್ಲೂ ಬಂದ್ರೆ ನಾನು ಹೇಳಿದ್ದು ಸರಿ."

ಇಷ್ಟು ನ್ಯಾಯವಾದ ಪಂದ್ಯವನ್ನು ಬೇರೆಯವರ ಹೆಬ್ಬೆರಳಿಗೆ ಬಿಡುವುದು ಚಂದ್ರಶೇಖರಯ್ಯನ ಸ್ವಭಾವವಲ್ಲ. ಖಡಕ್ ಅಂಗಿಯ ತೋಳು ಮಡಿಸಿ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ತನ್ನ ಹೆಬ್ಬೆರಳನ್ನೇ ತೂತಿನ ಮೇಲೆ ಒತ್ತಿದ. ಬಿಸಿಲಿಗೆ ಕಿಡಿ ಕಾಣದೆಂದು ವಿದ್ಯಾರ್ಥಿಗಳು ಬ್ಯಾಗುಗಳನ್ನು ಮರೆ ಹಿಡಿದರು. ಚಲುವಯ್ಯ ಕಿಕ್ಕರಿನ ಮೇಲೆ ಕಾಲಿಟ್ಟು ಒದ್ದ.

ಟಕಟಕಟಕ ಎಂದು ಕಿಡಿಗಳು ಹಾರಿದವು. ಪುಸ್ ಪುಸ್ ಎಂದು ಬೆರಳು ಎಗರಿತು. "ಯವ್ವಾ," ಎಂದು ಜಟ್ಟೆಪ್ಪ ಕೈ ಕೊಡವಿಕೊಂಡ. ಪ್ಲಗ್ಗಿನ ಟೋಪಿ ಬಿಟ್ಟು ಕಬ್ಬಿಣದ ಭಾಗ ಹಿಡಿದು ಶಾಕ್ ಹೊಡೆಸಿಕೊಂಡಿದ್ದ. ಎಲ್ಲವೂ ಕಣ್ಣು ಮಿಟುಕಿಸುವುದರೊಳಗೆ ಮುಗಿದಿತ್ತು.

"ಮೂರು ಕಿಡಿ," ಎಂದಿತು ಒಂದು ಗುಂಪು. "ಐದು," ಎಂದಿತು ಇನ್ನೊಂದು. ಬೆರಳು ಎಷ್ಟು ಸಲ ಎಗರಿತು ಎಂದು ಬೆರಳಿನ ಮಾಲೀಕನಿಗೇ ತಿಳಿಯಲಿಲ್ಲ. ಮತ್ತೆ ಒದ್ದರು. ಮತ್ತೆ ಮೂರು, ಐದು. ಇಂಜಿನು ಅವರಿಗಿಂತ ಚುರುಕಾಗಿತ್ತು. ಚಲುವಯ್ಯ ಕಿಕ್ಕರಿನ ಮೇಲಿಂದ ಕಾಲು ತೆಗೆದ. ಕಣ್ಣಿಗೆ ಕಾಣದ ಸತ್ಯ ಹಿಡಿದುಕೊಂಡು ಅವನೇನು ಮಾಡಬೇಕು? ಖಾದರ್ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದದ್ದೂ ಅವನಿಗೆ ಕಂಡಿತು.

ಆಗ ಸೃಷ್ಟಿ ಎಂಬ ವಿದ್ಯಾರ್ಥಿನಿ ಮುಂದೆ ಬಂದಳು. "ಸರ್, ಸ್ಲೋ ಮೋಷನ್ ಇಟ್ಟು ವಿಡಿಯೊ ತೆಗೀಲಾ? ರೀಲ್ಸ್‌ಗೆ ತೆಗೀತೀವಲ್ಲ, ಹಂಗೆ."

ತರಗತಿಗೆ ಫೋನು ತರಬಾರದೆಂದು ನೋಟಿಸು ಹಾಕಿದ್ದವನೇ ಚಂದ್ರಶೇಖರಯ್ಯ. ಕುಕ್ಕರಗಾಲಲ್ಲಿ ಕೂತ ಸ್ಥಿತಿಯಲ್ಲಿ ಅವನು ಆ ನೋಟಿಸನ್ನು ತಾತ್ಕಾಲಿಕವಾಗಿ ಮರೆತ. ಮೂರನೆಯ ಸಲ ಒದೆ ಬಿತ್ತು. ಮೂವತ್ತನಾಲ್ಕು ತಲೆಗಳು ಒಂದು ಫೋನಿನ ಮೇಲೆ ಬಗ್ಗಿದವು.

ಪರದೆಯ ಮೇಲೆ ಎಲ್ಲವೂ ಜೇನಿನೊಳಗೆ ನಡೆಯುವ ಹಾಗೆ ನಿಧಾನವಾಗಿ ನಡೆಯಿತು. ನೀಲಿ ಕಿಡಿಯೊಂದು ಹಾರಿತು, ಮೇಷ್ಟ್ರ ಹೆಬ್ಬೆರಳು ಅಳುಕಿ ಮೇಲೆದ್ದಿತು. ಬೆರಳು ಮರಳಿ ಕೂತಿತು. ಇನ್ನೊಂದು ಕಿಡಿ ಹಾರಿತು. ಬೆರಳು ಕೂತೇ ಇತ್ತು. ಮತ್ತೆ ಕಿಡಿ, ಬೆರಳು ಎದ್ದಿತು. ಮತ್ತೆ ಕಿಡಿ, ಬೆರಳು ಕೂತ ಹಾಗೆಯೇ.

ಚಂದ್ರಶೇಖರಯ್ಯ ಅದನ್ನು ನಾಲ್ಕು ಸಲ ನೋಡಿದ. ಗ್ರೀಸು ಹತ್ತಿದ ಹೆಬ್ಬೆರಳನ್ನು ಖಡಕ್ ಪ್ಯಾಂಟಿಗೆ ಒರೆಸಿಕೊಂಡದ್ದು ಅವನ ಗಮನಕ್ಕೆ ಬರಲಿಲ್ಲ.

"ಆ ಎರಡನೇದು ಯಾಕ್ರಿ ಬೇಕು?" ಎಂದು ಕೇಳಿದ. ಈ ಸಲ ದನಿಯಲ್ಲಿ ಕನಿಕರವಿರಲಿಲ್ಲ, ಸುಮ್ಮನೆ ಕೇಳಿದ್ದ.

"ಬೇಕು ಅಂತ ಇಟ್ಟಿಲ್ಲ ಸಾರ್. ಅದನ್ನ ತಡೆಯಕ್ಕೆ ಇನ್ನೊಂದು ಸಾಮಾನು ಹಾಕ್ಬೇಕಲ್ಲ, ಯಾರು ಹಾಕ್ತಾರೆ. ಆಗ ಒಳಗೆ ಉರಿಯಕ್ಕೆ ಏನೂ ಇಲ್ಲ. ಜನ ಎಲ್ಲ ಇಳಿದು ಹೋದ್ಮೇಲೆ ಖಾಲಿ ಬಸ್ಸಲ್ಲಿ ಕಂಡಕ್ಟರ್ರು ಒಳಗೋಗಿ ಒಳಗೋಗಿ ಅಂತ ಕೂಗಿದ್ರೆ ಏನಾಗ್ತದೆ? ಏನೂ ಆಗಲ್ಲ. ಕೂಗ್ಲಿ ಬಿಡು ಅಂತ ಬಿಟ್ಟವ್ರೆ."

ವಿದ್ಯಾರ್ಥಿಗಳು ನಕ್ಕರು. ಚಂದ್ರಶೇಖರಯ್ಯ ನಗಲಿಲ್ಲ, ಕಿಸೆಯಿಂದ ಪೆನ್ನು ತೆಗೆದ. "ಪುಸ್ತಕ ತಪ್ಪಲ್ಲ," ಎಂದ. "ಕೆಲಸ ಮಾಡೋ ಸ್ಪಾರ್ಕ್ ಒಂದೇ. ಆದರೆ ಮಾಡೆಲ್ಲೂ ತಪ್ಪಲ್ಲ." ಖಾದರನ ಫೈಲು ಇಸಕೊಂಡು ಸಹಿ ಹಾಕಿ, ಷರಾ ಎಂಬ ಖಾಲಿ ಜಾಗದಲ್ಲಿ ಏನನ್ನೋ ಬರೆದ. ಖಾದರ್ ಓದಿದ, ಎರಡನೆಯ ಸಲ ಓದಿದ, ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡ. ಜಟ್ಟೆಪ್ಪನ ಗಾಡಿಗೆ ಪ್ಲಗ್ಗು ಮರಳಿ ಕೂತು ಒಂದೇ ಒದೆತಕ್ಕೆ ಸ್ಟಾರ್ಟ್ ಆದಮೇಲೆ ಸಭೆ ಮುಗಿಯಿತು.

ವಾಪಸು ಬರುವಾಗ ಆಟೊದ ಸೀಟಿನ ಮಧ್ಯೆ ಬೆಡ್‌ಶೀಟು ಮಾತ್ರ ಇತ್ತು. "ನಿಂಗೆ ಮೊದ್ಲೇ ಗೊತ್ತಿತ್ತಾ ಅಣ್ಣ, ಎರಡು ಕಿಡಿ ಅಂತ?" ಎಂದು ಖಾದರ್ ಕೇಳಿದ.

"ಗೊತ್ತಿಲ್ದೆ ಹಾಕ್ತೀನಾ?" ಎಂದ ಚಲುವಯ್ಯ, ರಸ್ತೆಯ ಕಡೆ ನೋಡುತ್ತ.

ಮನೆಯಲ್ಲಿ ಮುನಿಲಕ್ಷ್ಮಮ್ಮನಿಗೆ ಮಾತ್ರ ನಿಜ ಹೇಳಿದ. "ನಾನಲ್ಲ ಕಣೇ ಹಾಕಿದ್ದು. ಕೈ ಹಾಕ್ತು."

"ನಿಮ್ ಕೈ ನಿಮಗಿಂತ ಓದ್ಕೊಂಡೈತೆ ಬಿಡಿ," ಎಂದಳು ಅವಳು.

ಚಂದ್ರಶೇಖರಯ್ಯ ಷರಾದಲ್ಲಿ ಬರೆದದ್ದೇನೆಂದರೆ, ಮಾಡೆಲ್ ಸ್ವೀಕರಿಸಲಾಗಿದೆ. ಎರಡನೇ ಸ್ಪಾರ್ಕಿನ ಬಗ್ಗೆ ವಿವರಣೆ ಬೇಕಾದವರು ತಯಾರಕರನ್ನೇ ಸಂಪರ್ಕಿಸತಕ್ಕದ್ದು. ಅದೇ ವಾಕ್ಯವನ್ನು ಟೈಪು ಮಾಡಿಸಿ, ಇಂಜಿನಿನ ಪಕ್ಕ ಗೋಡೆಗೂ ಅಂಟಿಸಿದ. ನಂಬರಂತೂ ಪ್ಲೇಟಿನ ಮೇಲೆಯೇ ಇತ್ತು. ಖಾದರ್ ಹೆದರಿದ್ದ ಆರ್ಡರುಗಳು ಆ ನಂಬರಿಗೆ ಒಂದೂ ಬರಲಿಲ್ಲ. ಕೊಳ್ಳುವ ಕಾಲೇಜಿನವರಿಗೆ ರಸೀದಿ ಕೊಡುವವನೇ ಬೇಕು. ಬಂದದ್ದು ವಿದ್ಯಾರ್ಥಿಗಳು. ಸೃಷ್ಟಿಯ ವಿಡಿಯೊ ಪ್ಲೇಟಿನ ನಂಬರಿನ ಸಮೇತ ಊರೆಲ್ಲ ಸುತ್ತಿ, ಚಲುವಯ್ಯನ ಕಟ್ ಮಾಡೆಲ್ ಇಲ್ಲದ ಕಾಲೇಜುಗಳಿಂದಲೂ ಕರೆಗಳು ಬಂದವು. ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂತೆಂದು ಮರ್ಫಿ ಟೌನಿನ ಆ ಬೀದಿಗೆ ಗೊತ್ತಾಗುವುದು ಚಲುವಯ್ಯನ ಫೋನಿನ ಸದ್ದಿನಿಂದ. ಮೊದಲ ಸೆಮಿಸ್ಟರಿನಲ್ಲಿ ಅವನು ಪ್ರತಿಯೊಬ್ಬರಿಗೂ ಅರ್ಧ ಗಂಟೆ ವಿವರಿಸಿದ. ಎರಡನೆಯದರಲ್ಲಿ ಹತ್ತು ನಿಮಿಷ.

ಮೂರನೆಯ ಸೆಮಿಸ್ಟರಿನ ಒಂದು ಬೆಳಿಗ್ಗೆ ಎಂಟು ಗಂಟೆಗೆ ಫೋನು ಬಂದಾಗ ಅವನು ಸ್ನಾನದ ಮನೆಯಲ್ಲಿದ್ದ. ಮುನಿಲಕ್ಷ್ಮಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಫೋನೆತ್ತಿದಳು. ಆ ಕಡೆ ಹುಡುಗಿಯೊಬ್ಬಳ ಗಾಬರಿಯ ದನಿ, ಇವತ್ತೇ ವೈವಾ ಇದೆ, ಎಕ್ಸ್‌ಟರ್ನಲ್ ಕೇಳಿದರೆ ಸ್ಪಾರ್ಕ್ ಒಂದು ಅನ್ನಬೇಕೋ ಎರಡು ಅನ್ನಬೇಕೋ ಎಂದು ಕೇಳಿತು.

"ಎರಡು ಕಣಮ್ಮ. ಒಂದು ಕೆಲ್ಸಕ್ಕೆ, ಒಂದು ದಂಡಕ್ಕೆ. ಬರ್ಕೊಂಡ್ಯಾ?" ಎಂದಳು ಮುನಿಲಕ್ಷ್ಮಮ್ಮ. "ತಿಂಡಿ ತಿಂದ್ಕೊಂಡು ಹೋಗು." ಫೋನಿಟ್ಟು, ಉಪ್ಪಿಟ್ಟು ತಿರುವಲು ಹೋದಳು.